ಹೊಸ ಪಿನ್‌ಬಾಲ್ ಮೆಷಿನ್‌ಗೆ ಈಗಲೇ ಮುಂಗಡ ಕೊಡಬೇಕಾ?

ಓದುಗರ ಪತ್ರ: ನಾವು ಶಿಕಾಗೋ ಹತ್ತಿರದ ನೇಪರ್‌ವಿಲ್‌ನಲ್ಲಿದ್ದೇವೆ. ಬೇಸ್‌ಮೆಂಟಿಗೆ ಒಂದು ಪಿನ್‌ಬಾಲ್ ಮೆಷಿನ್ (ಇಳಿಜಾರು ಹಲಗೆಯ ಮೇಲೆ ಉಕ್ಕಿನ ಚೆಂಡು ಹೊಡೆದು ಪಾಯಿಂಟ್ ಗಳಿಸುವ ಆಟದ ಪೆಟ್ಟಿಗೆ) ತರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಹೋದ ವಾರ ಹೊಸದೊಂದು ಬಿಡುಗಡೆಯಾಯಿತು. ಇನ್ನೂ ಯಾರ ಮನೆಗೂ ಬಂದಿಲ್ಲ. ಸಾವಿರ ಡಾಲರ್ ಮುಂಗಡ ಕೊಟ್ಟರೆ ಮೊದಲ ಲಾಟಿನಲ್ಲೇ ಸಿಗುತ್ತದೆ ಅಂತಾರೆ ಡೀಲರ್. ‘ಆಡಿ ನೋಡದೆ ಅಷ್ಟು ದುಡ್ಡು ಯಾಕೆ ಕೊಡಬೇಕು?’ ಅಂತಾಳೆ ನನ್ನ ಹೆಂಡತಿ. ಏನು ಮಾಡಲಿ?
(ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ: ನಿಮ್ಮ ಮನೆಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಆಡಿ ನೋಡುವವರೆಗೂ ಮುಂಗಡ ಕೊಡಬೇಡಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಬೇಸಿಗೆ ರಜೆಯಲ್ಲಿ ಮೊಳೆ ಹೊಡೆದ ಹಲಗೆಯ ಮೇಲೆ ಗೋಲಿ ಚಿಮ್ಮಿಸಿ ಬ್ಯಾಗಟೆಲ್ ಆಡಿದವರು ನಾವು. ಪಿನ್‌ಬಾಲ್ ಹುಟ್ಟಿದ್ದೂ ಅದೇ ಆಟದಿಂದ. 1947ರಲ್ಲಿ ಗಾಟ್ಲೀಬ್ ಕಂಪನಿ ತನ್ನ ‘ಹಂಪ್ಟಿ ಡಂಪ್ಟಿ’ ಮೆಷಿನ್‌ಗೆ ಫ್ಲಿಪ್ಪರ್, ಅಂದರೆ ಬಟನ್ ಒತ್ತಿದರೆ ಚೆಂಡು ಹೊಡೆಯುವ ಪುಟ್ಟ ಕೈ, ಹಾಕಿತು. ಕೆಳಗೆ ಬೀಳುವ ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯಬಹುದು ಅಂತಾದದ್ದು ಆಗ. ಗಾಟ್ಲೀಬ್, ಬ್ಯಾಲಿ, ವಿಲಿಯಮ್ಸ್, ಈ ಹಳೇ ಪಿನ್‌ಬಾಲ್ ಕಂಪನಿಗಳೆಲ್ಲ ನಿಮ್ಮ ಶಿಕಾಗೋದವೇ. ಈಗಿನ ಸ್ಟರ್ನ್ ಕಂಪನಿ ಕೂಡ ಅಲ್ಲೇ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿದೆ. ತವರೂರಲ್ಲಿ ಕೂತು ಆಸೆಪಡದೆ ಇರೋದು ಕಷ್ಟ, ಅಲ್ವಾ?

ಆದರೆ ಅವಸರ ಯಾವುದಕ್ಕೆ ಅಂತ ನೋಡಿ. ನಿಮ್ಮದು ಯಾವ ಕಂಪನಿಯ ಮೆಷಿನ್ ಅಂತ ಬರೆದಿಲ್ಲ, ಸ್ಟರ್ನ್ ಉದಾಹರಣೆಯನ್ನೇ ತಗೊಳ್ಳೋಣ. ಸ್ಟರ್ನ್ ಒಂದೇ ಆಟವನ್ನು ಸಾಮಾನ್ಯವಾಗಿ ಮೂರು ದರ್ಜೆಯಲ್ಲಿ ಮಾಡುತ್ತದೆ: ಪ್ರೋ, ಪ್ರೀಮಿಯಂ, ಲಿಮಿಟೆಡ್. ಪ್ರೋ ಬೆಲೆ ಸುಮಾರು 7,000 ಡಾಲರ್. ಲಿಮಿಟೆಡ್ ತಗೊಂಡರೆ ಸುಮಾರು 13,000. ನಿಜವಾಗಿ ಮುಗಿದುಹೋಗುವುದು ಲಿಮಿಟೆಡ್ ಮಾತ್ರ. 2021ರ ‘ಗಾಡ್ಜಿಲ್ಲಾ’ ನೋಡಿ. ಲಿಮಿಟೆಡ್ ಮಾಡಿದ್ದು 1,000. ಪ್ರೋ, ಪ್ರೀಮಿಯಂ ಮಾತ್ರ ಆಮೇಲೆ ವರ್ಷಗಟ್ಟಲೆ ತಯಾರಾಗುತ್ತಲೇ ಇದ್ದವು. ಆ ಆಟದ ಕುಸಿಯುವ ಕಟ್ಟಡ, ಮುರಿದು ಬೀಳುವ ಸೇತುವೆ ಪ್ರೀಮಿಯಂನಲ್ಲೂ ಇವೆ. ಎರಡು ವರ್ಷ ಕಾದು ಪ್ರೀಮಿಯಂ ಕೊಂಡವರು ಆಟದಲ್ಲಿ ಏನೂ ಕಳೆದುಕೊಳ್ಳಲಿಲ್ಲ. ಅವರಿಗೆ ಸಿಗದೆ ಹೋದದ್ದು ನಂಬರ್ ಕೆತ್ತಿದ ತಗಡು, ಬೇರೆ ಚಿತ್ರ, ಒಂದಿಷ್ಟು ಅಲಂಕಾರ. ಅದೇ ಬೇಕು ಅನ್ನುವವರೂ ಇರುತ್ತಾರೆ, ತಪ್ಪಲ್ಲ. ನಿಮಗೆ ಬೇಕಾದದ್ದು ಆಡುವ ಮೆಷಿನ್ ಅಂತ ನನ್ನ ಅಂದಾಜು.

ಹಳೆಯದೊಂದು ಉದಾಹರಣೆ. 1997ರ ‘ಮೆಡೀವಲ್ ಮ್ಯಾಡ್ನೆಸ್’ ಆಗಿದ್ದು 4,016 ಮೆಷಿನ್ ಮಾತ್ರ. ಇನ್ನು ಸಿಗುವುದೇ ಇಲ್ಲ ಅಂತ ಬೆಲೆ ಏರುತ್ತಾ ಹೋಯಿತು. ಆಮೇಲೆ ಶಿಕಾಗೋ ಗೇಮಿಂಗ್ ಅನ್ನುವ ಕಂಪನಿ ಅದನ್ನೇ ಹೊಸದಾಗಿ ತಯಾರಿಸಿತು. ‘ಇವತ್ತು ಬಿಟ್ಟರೆ ಮತ್ತೆ ಸಿಗಲ್ಲ’ ಅಂತ ಯಾರಾದರೂ ಹೇಳಿದಾಗ ನನಗೆ ಇದೇ ನೆನಪಾಗುತ್ತದೆ.

ನಾನೂ ಒಮ್ಮೆ ಅವಸರ ಮಾಡಿದ್ದೆ. ಕಂಪನಿಯ ಹೆಸರು ಬೇಡ. ಮೊದಲ ಲಾಟಿನ ಮೆಷಿನ್, ಆಡದೆ ಕೊಂಡದ್ದು. ಮೂರನೇ ದಿನ ರಾತ್ರಿ ಗಾಜು ತೆಗೆದು ಒರೆಸುತ್ತಿದ್ದೆ. ಚೆಂಡು ಇಳಿಯುವ ಗುಂಡಿಯ ಅಂಚಿನಲ್ಲಿ ಉಗುರಿಗೆ ಏನೋ ತಾಗಿತು. ಟಾರ್ಚ್ ಹಿಡಿದು ನೋಡಿದರೆ ವಾರ್ನಿಷ್ ಚಕ್ಕೆ ಎದ್ದು ಕೆಳಗಿನ ಮರ ಕಾಣುತ್ತಿತ್ತು. ಸಣ್ಣ ಸಣ್ಣ ಕುಳಿ ಬೀಳುವುದು ಸಹಜ; 80 ಗ್ರಾಂ ತೂಕದ ಉಕ್ಕಿನ ಚೆಂಡು ಮರಕ್ಕೆ ಬಡಿಯುತ್ತಲೇ ಇರುತ್ತದಲ್ಲ. ಚಕ್ಕೆ ಏಳುವುದು ಸಹಜವಲ್ಲ. ಫೋಟೋ ಕಳಿಸಿದೆ, ಫೋನ್ ಮಾಡಿದೆ, ಬದಲಿ ಹಲಗೆಗೆ ತಿಂಗಳುಗಟ್ಟಲೆ ಕಾದೆ. ಹಲಗೆ ಬಂದ ಮೇಲಾದರೂ ಸುಲಭವಾ? ಅದರ ಮೇಲಿನ ಪ್ರತಿ ಬಲ್ಬು, ಪ್ರತಿ ಸ್ವಿಚ್ಚು, ಪ್ರತಿ ವೈರು ಬಿಚ್ಚಿ ಹೊಸದಕ್ಕೆ ಕಟ್ಟಬೇಕು. ಎರಡನೇ ಲಾಟಿನ ಹೊತ್ತಿಗೆ ಆ ಅಂಚಿಗೆ ಕಂಪನಿಯೇ ಒಂದು ಲೋಹದ ಪಟ್ಟಿ ಹಾಕಿ ಕೊಡುತ್ತಿತ್ತು.

ಇನ್ನೊಂದು, ಕೋಡ್, ಅಂದರೆ ಆಟ ನಡೆಸುವ ಸಾಫ್ಟ್‌ವೇರ್. ಇವತ್ತಿನ ಮೆಷಿನ್ ಪೂರ್ತಿ ಮುಗಿದ ಮೇಲೆ ಮನೆಗೆ ಬರುವುದು ಕಡಿಮೆ. ನಿಯಮ, ಮಾತು, ಕೊನೆಯ ಹಂತ ಎಲ್ಲ ಅಪ್‌ಡೇಟ್‌ನಲ್ಲಿ ಒಂದೊಂದಾಗಿ ಸೇರುತ್ತವೆ, ಕೆಲವೊಮ್ಮೆ ವರ್ಷ ಕಳೆದ ಮೇಲೆ. ನನ್ನ ಮೆಷಿನ್‌ನಲ್ಲಿ ಒಂದು ರಾತ್ರಿ ಕಷ್ಟಪಟ್ಟು ಕೊನೆಯ ಹಂತ ತಲುಪಿದೆ. ದೀಪ ಹತ್ತಿತು, ಸ್ವಲ್ಪ ಪಾಯಿಂಟ್ ಬಂತು, ಆಟ ಮೊದಲಿನ ಹಾಗೇ ಮುಂದುವರಿಯಿತು. ಆ ಹಂತವನ್ನು ಅವರು ಇನ್ನೂ ಬರೆದೇ ಇರಲಿಲ್ಲ.

ಮುಂಗಡದ ವಿಷಯ ಇನ್ನೂ ಸೂಕ್ಷ್ಮ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅದು. ಜರ್ಸಿ ಜ್ಯಾಕ್ ಕಂಪನಿ ‘ವಿಜರ್ಡ್ ಆಫ್ ಓಜ್’ಗೆ 2011ರಲ್ಲೇ ಬುಕಿಂಗ್ ತೆಗೆದುಕೊಂಡಿತು, ಮೆಷಿನ್ ಮನೆಗಳಿಗೆ ಹೊರಟಿದ್ದು 2013ರಲ್ಲಿ. ಒಳ್ಳೆಯ ಮೆಷಿನ್ ಬಂತು, ಅಲ್ಲಿಗೆ ಸರಿ. ದುಡ್ಡು ತೆಗೆದುಕೊಂಡು ಬಾಗಿಲು ಹಾಕಿದ ಸಣ್ಣ ಕಂಪನಿಗಳೂ ಇವೆ. ಹಾಗಾಗಿ ಡೀಲರನ್ನು ಒಂದೇ ಮಾತು ಕೇಳಿ: ಬೇಡ ಅಂದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೀರಾ? ಹೌದು ಅಂದರೆ ಬರೆದು ಕೊಡಲಿ.

ಈಗ ಏನು ಮಾಡಬೇಕು? ದುಡ್ಡು ಹಾಕಿ ಪಿನ್‌ಬಾಲ್ ಆಡಬಹುದಾದ, ಶಿಕಾಗೋದ ಫುಲ್ಲರ್ಟನ್ ರಸ್ತೆಯ ಲೋಗನ್ ಆರ್ಕೇಡ್ ನಿಮಗೆ ದೂರವಲ್ಲ. ಹೊಸ ಮೆಷಿನ್ ಯಾವ ಊರಿನ ಯಾವ ಅಂಗಡಿಯಲ್ಲಿದೆ ಅಂತ ಪಿನ್‌ಬಾಲ್ ಮ್ಯಾಪ್ ಆ್ಯಪ್ ತೋರಿಸುತ್ತದೆ. ಒಂದು ಸಲ ಆಡಿ ಬಂದರೆ ಸಾಲದು. ಮೊದಲ ದಿನ ದೀಪ, ಸಂಗೀತ, ಗೊಂಬೆ ನೋಡಿಯೇ ಮನಸ್ಸು ತುಂಬಿಹೋಗುತ್ತದೆ. ಒಂದು ವಾರ ಬಿಟ್ಟು ಮತ್ತೆ ಹೋಗಿ. ಮನೆಯವರನ್ನೂ ಕರೆದುಕೊಂಡು ಹೋಗಿ, ಅವರ ಕೈಯಲ್ಲೂ ಆಡಿಸಿ. ಮೂರನೇ, ಅಂದರೆ ಕೊನೆಯ, ಚೆಂಡು ಕೈತಪ್ಪಿ ಹೋದಾಗ ನಿಮ್ಮ ಕೈ ತಾನಾಗಿ ಸ್ಟಾರ್ಟ್ ಬಟನ್ನಿಗೆ ಹೋಗುತ್ತದಾ ಅಂತ ಗಮನಿಸಿ. ಹತ್ತು ಆಟ ಆದ ಮೇಲೂ ಹೋದರೆ ಆ ಮೆಷಿನ್ ನಿಮ್ಮದು. ಆಗ ಪ್ರೀಮಿಯಂಗೆ ಹೆಸರು ಬರೆಸಿ, ಇಲ್ಲವೇ ಆರು ತಿಂಗಳು ಕಾದು ಮನೆಯಲ್ಲೇ ಆಡಿದ ಸೆಕೆಂಡ್ ಹ್ಯಾಂಡ್ ನೋಡಿ. ಮೊದಲ ಲಾಟಿನಲ್ಲಿ ಕೊಂಡು ಬೇಗ ಬೇಸರವಾದವರ ಮೆಷಿನ್‌ಗಳು ಆ ಹೊತ್ತಿಗೆ ಮಾರಾಟಕ್ಕೆ ಬರುತ್ತವೆ.

ಅಷ್ಟರೊಳಗೆ ಬೇಸ್‌ಮೆಂಟಿನ ಮೆಟ್ಟಿಲು, ತಿರುವು, ಬಾಗಿಲು ಎಲ್ಲ ಟೇಪು ಹಿಡಿದು ಅಳೆದಿಡಿ. ಮೆಷಿನ್ ನೂರು ಕಿಲೋ ದಾಟುತ್ತದೆ. ಕಾಲು ಬಿಚ್ಚಿ, ತಲೆ ಮಡಚಿ ಇಳಿಸುವುದಕ್ಕೆ ಕೊನೇಪಕ್ಷ ಇಬ್ಬರು ಗಟ್ಟಿ ಆಳು ಬೇಕು. ಆಡಿ ಬಂದ ಮೇಲೆ ನನಗೊಂದು ಪತ್ರ ಹಾಕಿ. ನಿಮ್ಮ ಮನೆಯವರಿಗೆ ಎಷ್ಟು ಸ್ಕೋರ್ ಬಂತು ಅನ್ನುವುದನ್ನೂ ಬರೆಯಿರಿ.