ಉತ್ತರ ಬಾರದ 40 ಮೇಲ್‌ಗಳು

ನನ್ನ ಬಳಿ ಸಲಹೆ ಕೇಳಿ ಬಂದ ಇವರು ತಾವೇ ಹಾಡು ಬರೆದು, ಗಿಟಾರ್ ನುಡಿಸಿಕೊಂಡು ಹಾಡುತ್ತಾರೆ. ಜೊತೆಗೆ ಡ್ರಮ್ಸ್ ಮತ್ತು ಬೇಸ್ ನುಡಿಸುವ ಇಬ್ಬರು ಗೆಳೆಯರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ನನ್ನ ಬಳಿ ಬಂದಾಗ ಸರಿಯಾಗಿ ನಿದ್ದೆ ಮಾಡಿ ವಾರಗಳಾಗಿದ್ದವು. ಕಾರ್ಯಕ್ರಮ ಕೇಳಿ 40 ಆಯೋಜಕರಿಗೆ ಮೇಲ್ ಕಳಿಸಿದ್ದರು. ಒಬ್ಬರೂ ಉತ್ತರಿಸಿರಲಿಲ್ಲ. “ನನ್ನ ಹಾಡೇ ಚೆನ್ನಾಗಿಲ್ಲ ಅಂತ ಅರ್ಥ, ಅಲ್ವಾ ಮೇಡಂ?”

ಕಳಿಸಿದ ಪ್ರೆಸ್ ಕಿಟ್ (ಆಯೋಜಕರಿಗೆ ತಮ್ಮನ್ನು ಪರಿಚಯಿಸುವ ಬರಹ, ಹಾಡು, ಫೋಟೊಗಳ ಕಟ್ಟು) ತೋರಿಸಿ ಎಂದೆ. ಬಾಲ್ಯದಿಂದ ಶುರುವಾಗುವ ಮೂರು ಪುಟದ ಪರಿಚಯ. 11 ಹಾಡು. ಮಸುಕಾದ ಒಂದು ಫೋಟೊ. ಎಲ್ಲವೂ ಮೇಲ್‌ಗೇ ಅಂಟಿಸಿದ ದೊಡ್ಡ ದೊಡ್ಡ ಫೈಲುಗಳು. ವೇದಿಕೆಯಲ್ಲಿ ಹಾಡುವ ವಿಡಿಯೊ ಮಾತ್ರ ಇಲ್ಲ. ಇಷ್ಟನ್ನು ತೆರೆದು ಹಾಡಿನವರೆಗೆ ಬಂದವರು ಯಾರೂ ಇರಲಿಕ್ಕಿಲ್ಲ, ಕೇಳದವರು ನಿಮ್ಮ ಹಾಡನ್ನು ತಿರಸ್ಕರಿಸಿದ್ದು ಹೇಗೆ ಎಂದು ಕೇಳಿದೆ. ಅವರ ಕಣ್ಣು ತುಂಬಿತು.

ವಿಡಿಯೊ ಯಾಕಿಲ್ಲ ಎಂದಾಗ ತುಂಬಾ ಹೊತ್ತು ಸುಮ್ಮನಿದ್ದರು. ಫೋನಿನಲ್ಲಿ ಐದಾರು ಇದ್ದವಂತೆ. ಹಾಡುವಾಗಿನ ತಮ್ಮ ಮುಖ ನೋಡಲು ಅವರಿಗೆ ಆಗುತ್ತಿರಲಿಲ್ಲ. ಎರಡು ಭೇಟಿ ಇದಕ್ಕೇ ಹೋಯಿತು. ಮೊದಲು ಫೋನ್ ಮಗುಚಿಟ್ಟು ಬರೀ ಕೇಳಿದರು. ಆಮೇಲೆ ದನಿ ಬಂದ್ ಮಾಡಿ, ಕೇಳುಗರನ್ನಷ್ಟೇ ನೋಡಿ ಎಂದೆ. ವೇದಿಕೆಯ ಪಕ್ಕದಿಂದ ತೆಗೆದ ಒಂದರಲ್ಲಿ ಮುಂದಿನ ಸಾಲಿನವರು ಪಲ್ಲವಿಗೆ ತುಟಿ ಆಡಿಸುತ್ತಿದ್ದರು. ಅದನ್ನು ಅವರು ನೋಡಿದ್ದು ಅವತ್ತೇ. ಕಿಟ್‌ಗೆ ಯಾವ ತುಣುಕು ಎಂಬುದನ್ನು ಗೆಳೆಯರಿಗೆ ಬಿಡಲು ಹೇಳಿದೆ. ತನ್ನ ಮೇಲೆ ಇಷ್ಟು ಕಟುವಾಗಿರುವವರು ಒಳ್ಳೆಯ ತುಣುಕನ್ನೇ ಕೈಬಿಡುತ್ತಾರೆ.

ಉಳಿದ ಸಲಹೆ ಸರಳ. ವಿಡಿಯೊ 2–3 ನಿಮಿಷ, ನೇರ ಹಾಡಿನಿಂದ ಶುರು. ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ ದನಿಯನ್ನು ಅದರ ಮೇಲೆ ಕೂರಿಸಬೇಡಿ, ಆಯೋಜಕರಿಗೆ ಬೇಕಿರುವುದು ವೇದಿಕೆಯ ನೀವು. ಹಾಡು ಮೂರು ಸಾಕು. ಪರಿಚಯ 50 ಪದದ್ದೊಂದು, 150 ಪದದ್ದೊಂದು. ಆಯೋಜಕರು ಅದನ್ನು ಹಾಗೇ ಎತ್ತಿ ಪ್ರಚಾರಕ್ಕೆ ಹಾಕುವಂತಿರಬೇಕು, ಹಾಗಾಗಿ ‘ನಾನು’ ಬೇಡ. ಅಡ್ಡ ಒಂದು, ಉದ್ದ ಒಂದು ಫೋಟೊ, ಮುದ್ರಣಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ), ತೆಗೆದವರ ಹೆಸರಿನ ಜೊತೆ. ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಮೈಕ್ ಬೇಕು ಎಂಬ ಒಂದು ಪುಟದ ನಕ್ಷೆ. ಹಿಂದಿನ ಕಾರ್ಯಕ್ರಮಗಳ ಪಟ್ಟಿ ಚಿಕ್ಕದಿದ್ದರೂ ಪರವಾಗಿಲ್ಲ, ಬಂದ ಜನರ ಲೆಕ್ಕ ಜಾಸ್ತಿ ಮಾಡಿ ಬರೆಯಬೇಡಿ. ಎಲ್ಲವೂ ಒಂದೇ ಲಿಂಕಿನಲ್ಲಿರಲಿ. ಬೇರೆಯವರ ಫೋನಿನಲ್ಲಿ ಅದು ತೆರೆಯುತ್ತಾ ನೋಡಿ. ಎಷ್ಟೋ ಲಿಂಕುಗಳು ಅನುಮತಿ ಕೇಳಿ ಅಲ್ಲೇ ನಿಲ್ಲುತ್ತವೆ.

ಮೇಲ್ ನಾಲ್ಕೈದು ಸಾಲು. ಹತ್ತು ದಿನದ ನಂತರ ಒಮ್ಮೆ ನೆನಪಿಸಿ, ಆಮೇಲೆ ಬಿಡಿ. ರಾತ್ರಿ ಮಲಗುವ ಮುಂಚೆ ಇನ್‌ಬಾಕ್ಸ್ ನೋಡಬಾರದು ಎಂದೂ ಒಪ್ಪಿಸಿದೆ.

ಮುಂದೆ ಎಂಟು ಜನರಿಗೆ ಕಳಿಸಿದರು. ಇಬ್ಬರು ಬರೆದರು. ಒಬ್ಬರದು ‘ಈ ಸಲ ಜಾಗವಿಲ್ಲ’. ಅದನ್ನು ನನಗೆ ಸಮಾಧಾನವಾಗಿಯೇ ಓದಿ ಹೇಳಿದರು. ಇನ್ನೊಬ್ಬರು ಡ್ರಮ್ಸ್ ನೀವೇ ತರುತ್ತೀರಾ ಎಂದು ಕೇಳಿದ್ದರು. “ನಕ್ಷೆಯಲ್ಲಿ ಬರೆಯೋದು ಮರೆತಿದ್ದೆ ಮೇಡಂ, ಸೇರಿಸಿ ಕಳಿಸಿದೆ” ಎಂದರು.