ಅದೇ ಕುರುಕ್ಷೇತ್ರ ಮತ್ತೆ ಯಾಕೆ?

ಚನ್ನರಾಯಪಟ್ಟಣ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: ‘ನಮ್ಮೂರ ಹಬ್ಬಕ್ಕೆ ಈ ಸಲವೂ ಕುರುಕ್ಷೇತ್ರ ನಾಟಕ. ಅದೇ ಕಥೆ, ಅದೇ ಕಂದಪದ್ಯ, ದುಡ್ಡು ದಂಡ. ಇದರಿಂದ ಸಂಸ್ಕೃತಿ ಉಳಿಯುತ್ತೆ ಅನ್ನೋದು ಸುಮ್ನೆ ಮಾತಲ್ವಾ?’

ಸಂಪಾದಕರ ಉತ್ತರ: ಕಥೆ ಹಳೆಯದು, ನಿಜ. ದುರ್ಯೋಧನ ಸೋಲುತ್ತಾನೆ ಅಂತ ಗೊತ್ತಿದ್ದೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಮೊನ್ನೆವರೆಗೆ ತೆಂಗಿನ ತೋಟಕ್ಕೆ ನೀರು ಹಾಯಿಸುತ್ತಿದ್ದವನು ಕಿರೀಟ ಇಟ್ಟುಕೊಂಡು ಹೇಗೆ ನಿಲ್ಲುತ್ತಾನೆ ಅಂತ ನೋಡಬೇಕು ಅವರಿಗೆ.

ನೀವು ಒಂದು ರಾತ್ರಿ ತಾಲೀಮಿಗೆ ಹೋಗಿ ಕೂತು ನೋಡಿ. ಹಾರ್ಮೋನಿಯಂ ಮೇಷ್ಟ್ರು ಒಂದು ಸಾಲು ಹಾಡುತ್ತಾರೆ, ಪಾತ್ರಧಾರಿ ಹಾಡುತ್ತಾನೆ. ಶ್ರುತಿ ತಪ್ಪಿದರೆ ಮತ್ತೆ ಅದೇ ಸಾಲು. ತಿಂಗಳುಗಟ್ಟಲೆ ಹೀಗೇ. ಓದು ಬಾರದವರೂ ಉದ್ದುದ್ದ ಮಾತು ಬಾಯಿಪಾಠ ಮಾಡುತ್ತಾರೆ. ಸಾವಿರ ವರ್ಷದ ಹಿಂದೆ ಪಂಪ, ರನ್ನರು ಬಳಸಿದ ಕಂದ, ವೃತ್ತಗಳು ಇವತ್ತೂ ರೈತರ ಬಾಯಲ್ಲಿ ಇವೆ ಅಂದರೆ ಈ ತಾಲೀಮೇ ಕಾರಣ. ಇದು ದಂಡ ಅಂತ ನನಗೆ ಹೇಳಲಾಗುವುದಿಲ್ಲ.

ಹಾಗಂತ ಇದು ಅನಾದಿಯದೇನಲ್ಲ. ನಮ್ಮ ಸೀಮೆಯಲ್ಲಿ ಮೊದಲಿಂದ ಇದ್ದದ್ದು ಮೂಡಲಪಾಯ, ಅಂದರೆ ಬಯಲುಸೀಮೆಯ ಯಕ್ಷಗಾನ. ಬಣ್ಣದ ಪರದೆ, ಹಾರ್ಮೋನಿಯಂ 19ನೇ ಶತಮಾನದಲ್ಲಿ ಪಾರ್ಸಿ ನಾಟಕ ಕಂಪನಿಗಳ ಹಿಂದೆ ಬಂದವು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಅದನ್ನು ಊರೂರಿಗೆ ತಂದವು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಯನ್ನೇ ಇಳಿಸಿದ್ದರು! ಹಳ್ಳಿಯವರು ಅಂಥ ನಾಟಕ ನೋಡಿ ಬಂದು ತಾವೇ ಆಡಿದರು. ಹೊರಗಿನದು ಆಡಿ ಆಡಿ ನಮ್ಮದಾಯಿತು. ಹಾಗಾಗಿ ನಾಟಕದಲ್ಲಿ ಸಂಸ್ಕೃತಿ ಉಳಿಸೋದಕ್ಕಿಂತ ಕಟ್ಟೋದೇ ಜಾಸ್ತಿ ಅಂತ ನನ್ನ ನಂಬಿಕೆ.

ನನಗೆ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಎಷ್ಟೋ ಕಡೆ ಪಾತ್ರಕ್ಕೆ ರೇಟು ಇದೆ. ಜಾಸ್ತಿ ಕೊಟ್ಟವನು ದುರ್ಯೋಧನ. ಒಳ್ಳೆ ಕಂಠದ ಬಡವರ ಹುಡುಗ ಪರದೆ ಎಳೆಯುತ್ತಾನೆ. ದ್ರೌಪದಿಗೆ ಹೊರಗಿನ ಕಲಾವಿದೆ ಬರಬೇಕು. ಊರ ಹೆಣ್ಣುಮಕ್ಕಳು ಕೆಳಗೆ ಚಾಪೆ ಮೇಲೆ. ಯಾರು ರಂಗ ಹತ್ತಬಹುದು, ಯಾರು ಹತ್ತಬಾರದು ಅನ್ನೋದರಲ್ಲೇ ಊರಿನ ಬುದ್ಧಿ ಕಾಣುತ್ತೆ. ಅದನ್ನು ತಿದ್ದೋದಕ್ಕೂ ರಂಗಕ್ಕಿಂತ ಒಳ್ಳೆ ಜಾಗ ಇಲ್ಲ. ಒಂದು ಸಲ ಊರ ಹುಡುಗಿ ದ್ರೌಪದಿಯಾಗಿ ನಿಂತು ಸಭೆಯನ್ನು ಪ್ರಶ್ನೆ ಕೇಳಿದರೆ, ಮರುದಿನ ಅವಳನ್ನು ಊರು ನೋಡುವ ರೀತಿಯೇ ಬೇರೆ.

ಆದ್ದರಿಂದ ನಾಟಕ ನಿಲ್ಲಿಸಿ ಅನ್ನಬೇಡಿ. ಸೀನರಿ ಬಾಡಿಗೆಗೆ ಊರೆಲ್ಲ ಚಂದಾ ಹಾಕಲಿ, ಪಾತ್ರವನ್ನು ಮೇಷ್ಟ್ರು ಕಂಠ ನೋಡಿ ಕೊಡಲಿ ಅಂತ ತಾಲೀಮಿನಲ್ಲೇ ಮಾತು ಎತ್ತಿ. ಹೆಗ್ಗೋಡಿನ ನೀನಾಸಂ ರಂಗಸಂಸ್ಥೆಯವರ ನಾಟಕ ತಂಡ ‘ತಿರುಗಾಟ’ 1985ರಿಂದ ಊರೂರು ಸುತ್ತುತ್ತಿದೆ. ಹತ್ತಿರ ಎಲ್ಲಾದರೂ ಬಂದರೆ ಹುಡುಗರನ್ನು ಕರೆದುಕೊಂಡು ಹೋಗಿ. ನಿಮ್ಮ ಪತ್ರದಲ್ಲಿ ಮಾತುಗಾರಿಕೆ ಚೆನ್ನಾಗಿದೆ. ಕೊಬ್ಬರಿ ಬೆಲೆ ಬಗ್ಗೆಯೋ ಕೆರೆ ಬಗ್ಗೆಯೋ ನೀವೇ ಒಂದು ಸಣ್ಣ ನಾಟಕ ಬರೆಯಿರಿ. ಹಬ್ಬದ ಎರಡನೇ ರಾತ್ರಿ ಅದನ್ನು ಆಡಲಿ.