ಮತ್ತಾಯ ಏಳನೆಯ ಅಧ್ಯಾಯ ಒಂದನೆಯ ವಚನಕ್ಕೇ ಮುಗಿಯುವುದಿಲ್ಲ

ಪ್ರಿಯ ಸಹೋದರಿ,

ಸಿಂಧನೂರು ತಾಲ್ಲೂಕಿನಿಂದ ನೀವು ಬರೆದ ನಾಲ್ಕು ಪುಟ ತಲುಪಿತು. ಹೆಸರು, ಊರು ಬಿಟ್ಟು ಉಳಿದ ಓದುಗರಿಗಾಗಿ ಸಾರ ಇಷ್ಟು: ಮೂರು ರಾತ್ರಿಯ ಉಜ್ಜೀವನ ಕೂಟಕ್ಕೆ ಬಂದ ಪ್ರಸಂಗಿಯೊಬ್ಬರು ‘ನಂಬಿಕೆ ಇದ್ದವರಿಗೆ ಮಾತ್ರೆ ಯಾಕೆ’ ಎಂದರು. ನಿಮ್ಮ ಅತ್ತೆ ಅಂದಿನಿಂದ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಾರೆ. ಕೊನೆಯ ರಾತ್ರಿ ‘ಬಿತ್ತನೆಯ ಕಾಣಿಕೆ’ (ಕೊಟ್ಟದ್ದು ಬೀಜದಂತೆ ಹಲವು ಪಟ್ಟಾಗಿ ಮರಳುತ್ತದೆಂಬ ಕಾಣಿಕೆ) ಎಂದು ಹಣ ಎತ್ತಿದರು, ರಸೀದಿ ಕೊಡಲಿಲ್ಲ. ನೀವು ಕೇಳಿದ್ದಕ್ಕೆ ಸಭೆಯ ಹಿರಿಯರೊಬ್ಬರು ‘ತೀರ್ಪು ಮಾಡಬೇಡಿರಿ ಅಂತ ಕರ್ತನೇ ಹೇಳ್ಯಾನ, ನೀ ಯಾರವ್ವ ಕೇಳಾಕಿ?’ ಎಂದು ಬಾಯಿ ಮುಚ್ಚಿಸಿದರು. ಅದೇ ಹಿರಿಯರು, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ದಾಸೋಹದ ಊಟ ಮಾಡಿಬಂದ ನಿಮ್ಮ ನಾದಿನಿಯನ್ನು ‘ಬಿದ್ದುಹೋದವಳು’ ಎಂದು ನಾಲ್ಕು ಜನರೆದುರು ಅಂದರು. ಇವೆರಡರಲ್ಲಿ ತೀರ್ಪು ಮಾಡಿದವರು ಯಾರು ಎಂದು ಕೇಳಿದ್ದೀರಿ.

ಮೊದಲು ಮಾತ್ರೆಯ ಮಾತು. ಅದು ಭಾನುವಾರಕ್ಕೆ ಕಾಯುವಂಥದ್ದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಯ ಜೊತೆ ಎಚ್‌ಬಿಎ1ಸಿ ಕೂಡ ಮಾಡಿಸಿ. ಇದು ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ, ಒಂದು ದಿನದ ಉಪವಾಸದಿಂದ ಬದಲಾಗುವುದಿಲ್ಲ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ, ಏದುಸಿರು, ಮಂಪರು ಕಂಡರೆ ವರದಿಗೆ ಕಾಯದೆ ಆಸ್ಪತ್ರೆಗೆ ಸೇರಿಸಿ. ‘ನನಗೆ ಗುಣವಾಗೇದ’ ಎಂದು ಅವರು ಪಟ್ಟು ಹಿಡಿದರೆ ಮಾರ್ಕ 1:44 ಓದಿ ಹೇಳಿ. ಕುಷ್ಠರೋಗಿಯನ್ನು ಮುಟ್ಟಿ ವಾಸಿಮಾಡಿದ ಯೇಸುಸ್ವಾಮಿಯೇ ಅವನನ್ನು ಯಾಜಕನ ಹತ್ತಿರ ಮೈ ತೋರಿಸಲು ಕಳಿಸಿದರು. ಚರ್ಮ ನೋಡಿ, ಕೂದಲಿನ ಬಣ್ಣ ನೋಡಿ, ಸಂಶಯವಿದ್ದರೆ ಏಳು ದಿನ ಬಿಟ್ಟು ಮತ್ತೆ ನೋಡುವ ಆ ತಪಾಸಣೆ ಯಾಜಕಕಾಂಡ 13 ಮತ್ತು 14ರಲ್ಲಿ ವಿವರವಾಗಿದೆ. ಅತ್ತೆಯವರಿಗೆ ಗುಣವಾಗಿದ್ದರೆ ವರದಿಯೂ ಅದನ್ನೇ ಹೇಳುತ್ತದೆ. ಮಾತ್ರೆ ಇಳಿಸುವ ಕೆಲಸ ವೈದ್ಯರದು, ಅಲ್ಲಿಯವರೆಗೆ ಎಂದಿನಂತೆ ಮುಂದುವರಿಯಲಿ. ಅಪೊಸ್ತಲ ಪೌಲನು ತನ್ನ ಶಿಷ್ಯ ತಿಮೊಥೆಯನ ಹೊಟ್ಟೆಬೇನೆಗೆ ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದ. ಜೊತೆಗಾರ ತ್ರೊಫಿಮನನ್ನು ಮಿಲೇತ ಪಟ್ಟಣದಲ್ಲಿ ಕಾಯಿಲೆಯಲ್ಲೇ ಬಿಟ್ಟು ಹೋಗಬೇಕಾಯಿತು. ಇಬ್ಬರಿಗೂ ನಂಬಿಕೆ ಸಾಲದು ಎಂದು ಅವನು ಎಲ್ಲಿಯೂ ಬರೆದಿಲ್ಲ.

ಇನ್ನು ಆ ವಚನ. ‘ತೀರ್ಪು ಮಾಡಬೇಡಿರಿ’ ಎಂಬುದು ಮತ್ತಾಯ 7:1. ಹಿರಿಯರು ಅಲ್ಲಿಗೇ ಪುಸ್ತಕ ಮುಚ್ಚಿದರು. ಐದನೆಯ ವಚನದಲ್ಲಿ ಮೊದಲು ನಿನ್ನ ಕಣ್ಣಿನ ತೊಲೆ ತೆಗೆದುಕೊ, ಆಮೇಲೆ ಸಹೋದರನ ಕಣ್ಣಿನ ರವೆ ತೆಗೆಯಲು ಚೆನ್ನಾಗಿ ಕಾಣುತ್ತದೆ ಎಂದಿದೆ. ರವೆಯನ್ನು ಅಲ್ಲೇ ಬಿಡು ಎಂದಿಲ್ಲ. ಹದಿನೈದನೆಯದು ಸುಳ್ಳು ಪ್ರವಾದಿಗಳ ಬಗ್ಗೆ ಎಚ್ಚರಿಸುತ್ತದೆ, ಹದಿನಾರನೆಯದು ಫಲ ನೋಡಿ ಗುರುತಿಸಿ ಎನ್ನುತ್ತದೆ. ಒರೆಹಚ್ಚದೆ ಗುರುತಿಸುವುದು ಹೇಗೆ?

ಇಲ್ಲಿ ರವೆ ಎಂದರೆ ಉಪ್ಪಿಟ್ಟಿನ ರವೆಯಲ್ಲ. ಗ್ರೀಕಿನಲ್ಲಿರುವ ಪದಕ್ಕೆ ಒಣಕಡ್ಡಿಯ ಚೂರು, ಹೊಟ್ಟು ಎಂದರ್ಥ. ತೊಲೆ ನಮ್ಮ ಮಾಳಿಗೆ ಮನೆಯಲ್ಲಿ ಜಂತಿಗಳ ಭಾರ ಹೊರುವ ತೊಲೆಯೇ. ರಾಶಿ ತೂರುವಾಗ ಕಣ್ಣಿಗೆ ಹೊಟ್ಟು ಬಿದ್ದರೆ ಏನು ಮಾಡುತ್ತೇವೆ? ಉಜ್ಜಬೇಡ ಎಂದು ಕೈ ಹಿಡಿದು, ಬೆಳಕಿಗೆ ಮುಖ ತಿರುಗಿಸಿ, ರೆಪ್ಪೆ ಬಿಡಿಸಿ ನೀರು ಹನಿಸುತ್ತೇವೆ. ಹೊಟ್ಟು ಬಿದ್ದವನಿಗೆ ತನ್ನ ಕಣ್ಣು ತನಗೆ ಕಾಣುವುದಿಲ್ಲ, ಹೀಗಾಗಿ ಇನ್ನೊಬ್ಬರು ಬೇಕು. ಆ ಇನ್ನೊಬ್ಬರ ಕೈ ನಡುಗಬಾರದು, ದೃಷ್ಟಿ ಮಂಜಾಗಿರಬಾರದು, ಅಷ್ಟೆ.

ಗೊಂದಲಕ್ಕೆ ಕನ್ನಡದ ‘ತೀರ್ಪು’ ಸ್ವಲ್ಪ ಕಾರಣ. ಗ್ರೀಕಿನ ‘ಕ್ರಿನೋ’ಗೆ ಬೇರ್ಪಡಿಸು, ನಿರ್ಣಯಿಸು, ಅಪರಾಧಿಯೆಂದು ದಂಡಿಸು ಎಂಬ ಅರ್ಥಗಳೆಲ್ಲ ಇವೆ. ಕನ್ನಡದಲ್ಲಿ ತೀರ್ಪು ಎಂದೊಡನೆ ಕೋರ್ಟು ಕಣ್ಣಮುಂದೆ ಬರುತ್ತದೆ. ಅದೇ ಕರ್ತನು ಯೋಹಾನ 7:24ರಲ್ಲಿ ತೋರಿಕೆ ನೋಡಿ ತೀರ್ಪು ಮಾಡದೆ ನ್ಯಾಯವಾದ ತೀರ್ಪು ಮಾಡಿರಿ ಎನ್ನುತ್ತಾನೆ. 1 ಥೆಸಲೊನೀಕ 5:21ರ ‘ಪರಿಶೋಧಿಸಿರಿ’ಗೆ ಬಂದಿರುವುದು ಲೋಹ, ನಾಣ್ಯ ಪರೀಕ್ಷಿಸುವವರ ಪದ. (1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಮುಂದಿನ ತಲೆಮಾರಿನವರು ಅದನ್ನು ಪದಪದವಾಗಿ ನೋಡಿ ತಿದ್ದಿದರು. ಅದನ್ನು ಯಾರೂ ಹ್ಯಾಂಡ್ಸ್‌ರಿಗೆ ಮಾಡಿದ ಅವಮಾನ ಎನ್ನಲಿಲ್ಲ.)

ನಿಮ್ಮೂರಿನ ಭತ್ತದ ವ್ಯಾಪಾರ ನೋಡಿ. ಕೊಳ್ಳುವವರು ಮೇಲಿನ ಒಂದು ಚೀಲ ನೋಡಿ ರೇಟು ಹೇಳುವುದಿಲ್ಲ. ಕೆಳಗಿನ ಸಾಲಿನ ಚೀಲಕ್ಕೂ ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾರೆ, ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದುತ್ತಾರೆ, ಅಕ್ಕಿ ನುಚ್ಚಾಗುತ್ತದೋ ನೋಡುತ್ತಾರೆ, ತೇವಾಂಶದ ಮೀಟರು ಹಿಡಿಯುತ್ತಾರೆ. ಸರ್ಕಾರಿ ಖರೀದಿಯಲ್ಲಿ ಶೇ. 17 ದಾಟಿದರೆ ವಾಪಸ್. ರೈತ ಒಳ್ಳೆಯವನೋ ಕೆಟ್ಟವನೋ, ಸ್ವರ್ಗಕ್ಕೆ ಹೋಗುವನೋ ಎಂಬ ಮಾತೇ ಅಲ್ಲಿ ಬರುವುದಿಲ್ಲ. ಬೋಧನೆಯನ್ನೂ ಹಾಗೆ ನೋಡಬೇಕು. ಪ್ರಸಂಗಿಯ ಒಳಮನಸ್ಸು, ಅವರ ಅಂತ್ಯ, ಇವು 1 ಕೊರಿಂಥ 4:5ರಂತೆ ಕರ್ತನ ಪಾಲಿನವು. ಆಡಿದ ಮಾತು, ಎತ್ತಿದ ಹಣ, ಕೊಟ್ಟ ವಾಗ್ದಾನ ಮಾತ್ರ ನಮ್ಮ ಪಾಲಿಗೆ ಬಂದವು.

ಮಾತನ್ನು ಒರೆಹಚ್ಚುವಾಗ ಹೆಚ್ಚಿನವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ: ಕೇಳಿದ್ದನ್ನು ಬಿಟ್ಟು, ತಮಗೆ ಅನ್ನಿಸಿದ್ದನ್ನು ಹೇಳುತ್ತಾರೆ. ಪ್ರಸಂಗಿ ಅಂದದ್ದು ‘ಮಾತ್ರೆ ಬಿಡಿ’ ಎಂದೋ, ‘ಮಾತ್ರೆಯ ಮೇಲೆ ಭರವಸೆ ಇಡಬೇಡಿ’ ಎಂದೋ? ಎರಡಕ್ಕೂ ಅಂತರ ಬಹಳ. ಯಾರದಾದರೂ ಫೋನಿನಲ್ಲಿ ಧ್ವನಿಮುದ್ರಣ ಸಿಕ್ಕೀತು. ಹಿಂದುಮುಂದಿನ ಐದು ನಿಮಿಷ ಸೇರಿಸಿ ಕೇಳಿ, ಇದ್ದದ್ದನ್ನು ಇದ್ದ ಹಾಗೆ ಬರೆದುಕೊಳ್ಳಿ. ಆಧಾರ ಕೊಟ್ಟ ವಚನದ ಇಡೀ ಅಧ್ಯಾಯ ಓದಿ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ದಿನವೂ ಶಾಸ್ತ್ರಕ್ಕೆ ಹಿಡಿದು ನೋಡಿದರು. ಅಪೊಸ್ತಲರ ಕೃತ್ಯಗಳು 17:11 ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ. ‘ಇಂಥ ದಿನದೊಳಗೆ ಇಂಥದ್ದು ಆಗುತ್ತದೆ’ ಎಂದಿದ್ದರೆ ತಾರೀಖು ಬರೆದಿಡಿ, ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ ಎನ್ನುವ ಧರ್ಮೋಪದೇಶಕಾಂಡ 18:22ರ ಪರೀಕ್ಷೆ ಅದು. ಹಣದ್ದು ಸುಲಭ: ಎಷ್ಟು ಬಂತು, ಯಾರು ಎಣಿಸಿದರು, ಯಾವ ಲೆಕ್ಕಕ್ಕೆ ಬರೆದರು. ಕಾಣಿಕೆ ಒಯ್ಯುವಾಗ ದೂರು ಬಾರದಿರಲೆಂದು ಪೌಲನು ಒಬ್ಬನೇ ಹೋಗದೆ ಸಭೆಗಳು ನೇಮಿಸಿದವರನ್ನು ಜೊತೆ ಕರೆದುಕೊಂಡ (2 ಕೊರಿಂಥ 8:19-21).

‘ನೀ ಯಾರವ್ವ’ ಎಂಬ ಮಾತಿಗೆ ಆದಿಸಭೆಯ ಪ್ರಿಸ್ಕಿಲ್ಲಳೇ ಉತ್ತರ. ಅಪೊಲ್ಲೋಸನು ದೊಡ್ಡ ವಾಗ್ಮಿ, ಆದರೆ ಅವನಿಗೆ ತಿಳಿದಿದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ. ಪ್ರಿಸ್ಕಿಲ್ಲಳೂ ಗಂಡ ಅಕ್ವಿಲನೂ ಅವನನ್ನು ಕರೆದುಕೊಂಡು ಹೋಗಿ ಇನ್ನೂ ಸರಿಯಾಗಿ ವಿವರಿಸಿದರು.

ನಾದಿನಿಯ ಊಟದ ಮಾತು ಬೇರೆ. ಇದು ಊಟದ ವಿಷಯದಲ್ಲಿ ಒಬ್ಬರನ್ನೊಬ್ಬರು ತೀರ್ಪು ಮಾಡಬೇಡಿರಿ ಎನ್ನುವ ರೋಮಾಪುರ 14ರ ಪಾಲಿಗೆ ಸೇರಿದ್ದೆಂದು ನಮ್ಮ ಅಭಿಪ್ರಾಯ. ಲಕ್ಷಾಂತರ ಜನರ ಜೊತೆ ಪಂಕ್ತಿಯಲ್ಲಿ ಕೂತು ರೊಟ್ಟಿ ತಿಂದದ್ದು ಆರಾಧನೆ ಹೇಗಾದೀತು? ಕರ್ತನ ಮೇಜಿನಲ್ಲೂ ದೆವ್ವಗಳ ಮೇಜಿನಲ್ಲೂ ಪಾಲು ತೆಗೆದುಕೊಳ್ಳಲಾಗದು ಎನ್ನುವ 1 ಕೊರಿಂಥ 10:20-21 ತೋರಿಸಿ ಒಪ್ಪದವರೂ ಇದ್ದಾರೆ, ಅವರ ಅಂಜಿಕೆ ಹುಸಿಯಲ್ಲ. ಆದರೆ ಅವರು ಮಾಡಬೇಕಿದ್ದದ್ದು ನಾದಿನಿಯನ್ನೇ ಕೇಳುವುದು. ‘ಬಿದ್ದುಹೋದವಳು’ ಎಂದದ್ದು ಆಕೆಯ ಹೃದಯದ ಮೇಲಿನ ತೀರ್ಪು, 7:1 ತಡೆಯುವುದು ಅದನ್ನೇ. ಇನ್ನೊಂದು ಮಾತು ಖಾರವಾದರೂ ಬರೆಯುತ್ತೇವೆ. ಧರ್ಮೋಪದೇಶಕಾಂಡ 25:13 ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ ಎನ್ನುತ್ತದೆ. ಕೂಲಿಯವನ ಕುಡಿತಕ್ಕೆ ಸಭೆಯಿಂದ ಹೊರಗಿಟ್ಟು, ಮಗನ ಮದುವೆಗೆ ವರದಕ್ಷಿಣೆ ಎಣಿಸಿಕೊಂಡವನನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಸಭೆಗಳು ನಮ್ಮ ಸುತ್ತಲಿನ ಜಿಲ್ಲೆಗಳಲ್ಲಿವೆ. ಜಾತ್ರೆಗೆ ಹೋಗುವ ನೆರೆಹೊರೆಯವರ ಮಾತಂತೂ ಬೇಡವೇ ಬೇಡ, ಹೊರಗಿನವರಿಗೆ ತೀರ್ಪು ಮಾಡುವುದು ನನ್ನ ಕೆಲಸವೇ ಎಂದು ಪೌಲನೇ ಕೇಳಿದ್ದಾನೆ (1 ಕೊರಿಂಥ 5:12).

ಮತ್ತಾಯ 18:15-17ರ ಕ್ರಮ ನಿಮಗೆ ಗೊತ್ತು: ಒಬ್ಬರೇ, ಆಮೇಲೆ ಒಬ್ಬಿಬ್ಬರ ಜೊತೆ, ಆಮೇಲೆ ಸಭೆಗೆ. ಇದು ಕೆಡುವುದು ಸಾಮಾನ್ಯವಾಗಿ ವಾಟ್ಸಾಪ್ ಗುಂಪಿನಲ್ಲಿ. ‘ಪ್ರಾರ್ಥನೆ ವಿಷಯ’ ಎಂದು ಹಾಕಿದ ಚಾಡಿ ಒಂದು ಗಂಟೆಯಲ್ಲಿ ಲಿಂಗಸುಗೂರು ಮುಟ್ಟಿರುತ್ತದೆ. ಸಾಕ್ಷಿಗೆ ಬರುವ ಇಬ್ಬರೂ ನಿಮ್ಮ ಪಂಗಡದವರೇ ಆದರೆ ಅದು ಸಾಕ್ಷಿಯಲ್ಲ, ಪಕ್ಷ. ನಾದಿನಿಗೆ ಆದ ಅವಮಾನ ಈ ಕ್ರಮದಲ್ಲೇ ಹೋಗಲಿ. ಪ್ರಸಂಗಿಯ ಮಾತು ವೇದಿಕೆಯಿಂದ ಬಂದದ್ದು, ತಿದ್ದುವುದೂ ವೇದಿಕೆಯಿಂದಲೇ ಆಗಬೇಕು. ಅಂತಿಯೋಕ್ಯದಲ್ಲಿ ಪೌಲನು ಪೇತ್ರನ ತಪ್ಪನ್ನು ಎಲ್ಲರೆದುರೇ ಹೇಳಿದ. ಒಂದನ್ನು ಮಾತ್ರ ಈ ಕ್ರಮಕ್ಕೆ ಹಾಕಬೇಡಿ: ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅದು ನೇರ ಪೊಲೀಸರಿಗೆ ಹೋಗಬೇಕು, ಮಕ್ಕಳ ಸಹಾಯವಾಣಿ 1098. ಹಿರಿಯರ ಕೂಟದಲ್ಲಿ ಮುಗಿಸಿಕೊಂಡವರು ಕಾನೂನಿನ ಮುಂದೆ ತಪ್ಪಿತಸ್ಥರೇ.

ಸದ್ಯ ನಿಮ್ಮ ಯಜಮಾನರ ಜೊತೆ ಹಿರಿಯರ ಮನೆಗೆ ಹೋಗಿ. ಭಾನುವಾರ ಆರಾಧನೆ ಮುಗಿದ ಬಾಗಿಲಲ್ಲಿ ಬೇಡ, ಅಲ್ಲಿ ಅವರು ನಾಲ್ಕು ಜನರ ಮುಂದೆ ಮಾನ ಕಾಪಾಡಿಕೊಳ್ಳಲು ಮಾತಾಡುತ್ತಾರೆ. ಧ್ವನಿಮುದ್ರಣದ ಆ ಐದು ನಿಮಿಷ ಕೇಳಿಸಿ, ಅತ್ತೆಯವರ ವರದಿ ಮುಂದಿಡಿ, ‘ಅಯ್ಯಾ, ಮುಂದಿನ ವಾರ ಮಾತ್ರೆ ಬಿಡಬೇಡಿ ಅಂತ ನೀವೇ ಸಭೆಗೆ ಹೇಳ್ತೀರೇನು?’ ಎಂದು ಕೇಳಿ. ಕಾಣಿಕೆಯ ಲೆಕ್ಕ ಅಂದೇ ಎತ್ತಬೇಡಿ, ಎರಡನೆಯ ಭೇಟಿಗೆ ಇರಲಿ.

— ಸಂಪಾದಕರು